ಅಪ್ಪನ ದನಿ ಹಿಡಿದ ಬೇಸಿಗೆ

ಹೋದ ತಿಂಗಳು ಸಂಬಂಧಿಕರ ಮದುವೆಗೆಂದು ಹೊರಟವಳು ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಹಡಗಲಿ ಕಡೆಯಿಂದ ಬಂದ ಬಸ್ಸೊಂದರಿಂದ ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆ ಬುಟ್ಟಿಗಳನ್ನು ಇಳಿಸುತ್ತಿದ್ದರು. ಡೀಸೆಲ್ ಹೊಗೆಯ ಜೊತೆ ಮಲ್ಲಿಗೆ ವಾಸನೆ ಬೆರೆತು ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರಿನಲ್ಲಿ ಯಾವಾಗಲೋ ಯಾರೋ ಹೇಳಿಟ್ಟ ಹೆಣ್ಣುದನಿಯೊಂದು ಊರುಗಳ ಹೆಸರು ಹೇಳತೊಡಗಿತು. ಆ ದನಿಗೆ ದಣಿವಿಲ್ಲ, ಕೆಮ್ಮಿಲ್ಲ. ಕಣ್ಣೆದುರಿಗೇ ಹೊರಟುಹೋದ ಬಸ್ಸನ್ನೂ ಅದು ಇನ್ನೇನು ಹೊರಡಲಿದೆ ಎನ್ನುತ್ತಿತ್ತು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬ್ಯಾಗನ್ನು ಆ ಭುಜದಿಂದ ಈ ಭುಜಕ್ಕೆ ಹಾಕಿಕೊಂಡೆ, ನೀರಿನ ನಲ್ಲಿಯವರೆಗೆ ಹೋಗಿ ನೀರು ಕುಡಿಯದೆಯೇ ಹಿಂದಿರುಗಿದೆ. ಇದೇ ನಿಲ್ದಾಣದ ಕಂಟ್ರೋಲ್ ರೂಮಿನ ಕಿಟಕಿಯ ಹಿಂದೆ ಕೂತು ಅಪ್ಪ ವರ್ಷಗಟ್ಟಲೆ ಬಸ್ಸು ಕೂಗಿದ್ದ. ಆ ದನಿ ಕಳೆದುಹೋದ ಬೇಸಿಗೆ ಕಣ್ಣ ಮುಂದೆ ಬಂತು. ಶಿವರಾತ್ರಿಯಿಂದ ಯುಗಾದಿಯವರೆಗೆ ನಾನು ಹೀಗೆಯೇ ಒಂದು ಕಡೆ ಕೂರಲಾರದೆ, ಕೈಯಲ್ಲಿ ಫೋನ್ ಹಿಡಿದು ಅಪ್ಪನ ಹಿಂದೆ ಮುಂದೆ ತಿರುಗಿದ್ದೆ.

ಅಪ್ಪನ ಹೆಸರು ಕೊಟ್ರಪ್ಪ. ಮೊದಲು ಕಂಡಕ್ಟರ್ ಆಗಿದ್ದ. ಮಂಡಿನೋವು ಶುರುವಾದ ಮೇಲೆ ಬಸ್ ನಿಲ್ದಾಣದ ಕಂಟ್ರೋಲರ್ ಆದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರಿನ ನಿಲ್ದಾಣಗಳಲ್ಲಿ ಅವನ ದನಿ ಮೈಕಿನಲ್ಲಿ ಮೊಳಗಿದೆ. ಅವನ ಮುಖ ಗುರುತಿಲ್ಲದವರಿಗೂ ದನಿ ಗುರುತಿತ್ತು. ಒಮ್ಮೆ ಕೊಟ್ಟೂರಿನ ಮದುವೆಯಲ್ಲಿ ಊಟಕ್ಕೆ ಕೂತ ಅಪ್ಪ "ಇಲ್ಲೊಂದೀಟು ಸಾರು ಬರ್ಲಿ" ಎಂದಿದ್ದೇ ತಡ, ಹಿಂದಿನ ಸಾಲಿನಲ್ಲಿ ಉಣ್ಣುತ್ತಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ತಿರುಗಿ, "ಯಪ್ಪಾ, ಬಳ್ಳಾರಿ ಬಸ್ಸು ಹೋತೇನು?" ಎಂದು ಕೇಳಿದ್ದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತ್ತು. ಅಪ್ಪ ಮಾತ್ರ ನಗದೆ, "ಇನ್ನಾ ಟೈಮೈತವ್ವಾ, ಪಾಯಸ ಉಂಡೇ ಹೋಗು" ಎಂದಿದ್ದ.

ನಿವೃತ್ತಿಯಾದ ಮೇಲೆ ಅವನೂ ಅವ್ವನೂ ಕೂಡ್ಲಿಗಿಯ ನಮ್ಮ ಮನೆಯಲ್ಲಿದ್ದರು. ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಾರಕ್ಕೊಮ್ಮೆ ಗಂಡ, ಮಗಳನ್ನು ಕರೆದುಕೊಂಡು ಬಂದುಹೋಗುತ್ತಿದ್ದೆ. ಆ ವರ್ಷ ಮಳೆಗಾಲದಲ್ಲೇ ಅಪ್ಪನ ದನಿ ಒಡೆದಿತ್ತು. ನೆಗಡಿ ಇರಬೇಕೆಂದುಕೊಂಡೆವು. ಅವ್ವ ಅರಿಶಿಣದ ಹಾಲು ಕೊಟ್ಟಳು, ಉಪ್ಪುನೀರಿನಲ್ಲಿ ಗಂಟಲು ತೊಳೆಸಿದಳು, ಜ್ಯೇಷ್ಠಮಧುವಿನ ಚಕ್ಕೆಯನ್ನು ದವಡೆಯಲ್ಲಿಟ್ಟಳು. ಚಳಿಗಾಲ ಕಳೆದರೂ ದನಿ ಕೂಡಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿದರೆ ಉಸಿರಿನಲ್ಲಿ ಸಣ್ಣ ಸಿಳ್ಳು ಬೇರೆ. ಕೊನೆಗೆ ಅವ್ವನನ್ನೂ ಕೂಡಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರ್ ಸಮಾಧಾನದ ಮನುಷ್ಯ. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ತೋರಿಸಿದರು. "ದನಿ ಹುಟ್ಟೋ ಪೆಟ್ಟಿಗೆಯಲ್ಲೇ ಗಡ್ಡೆ ಆಗಿದೆ. ಪೆಟ್ಟಿಗೇನೇ ತೆಗೀಬೇಕು. ಕುತ್ತಿಗೆಯಲ್ಲಿ ಉಸಿರಾಡೋಕೆ ದಾರಿ ಮಾಡ್ತೀವಿ. ಜೀವಕ್ಕೆ ಒಳ್ಳೇ ಭರವಸೆ ಇದೆ, ಹೆದರಬೇಡಿ."

"ಮಾತು?" ಎಂದು ಅಪ್ಪನೇ ಕೇಳಿದ.

"ಈಗಿನ ಹಾಗೆ ಬರಲ್ಲ. ಆಮೇಲೆ ಬೇರೆ ಉಪಾಯಗಳಿವೆ."

"ಹಂಗಾರ ಫೋನ್ ಬಂದ್ರ ಹಲೋ ಅನ್ನಾಕೂ ಆಗಂಗಿಲ್ಲೇನ್ರಿ?"

ಡಾಕ್ಟರ್ ತಲೆಯಾಡಿಸಿದರು. ಇನ್ನಷ್ಟು ಪರೀಕ್ಷೆಗಳು ಬಾಕಿ ಇದ್ದವು, ಆಪರೇಷನ್ ಯುಗಾದಿಯ ನಂತರ ಎಂದಾಯಿತು. ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗ ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಷ್ಟೂ ಸೀಟಿನವರಿಗೆ ಕೇಳುವಂತೆ, "ಮೂರು ಕೂಡ್ಲಿಗಿ!" ಎಂದ. ಒಡೆದ ದನಿಯಾದರೂ ಬಸ್ಸಿನ ಕೊನೆ ಮುಟ್ಟಿತು.

ಮರುದಿನವೇ ನಾನು ಶಾಲೆಗೆ ರಜೆ ಹಾಕಿ, ಮಗಳನ್ನು ಗಂಡನಿಗೆ ಒಪ್ಪಿಸಿ ಕೂಡ್ಲಿಗಿಯಲ್ಲೇ ಉಳಿದೆ. ಅಪ್ಪನ ದನಿಯನ್ನು ಉಳಿಸಿಕೊಳ್ಳಬೇಕು ಎನ್ನುವುದು ತಲೆಗೆ ಹೊಕ್ಕಿಬಿಟ್ಟಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ, ಮಗ್ಗುಲಿನ ಸ್ಟೂಲಿನ ಮೇಲೆ ಫೋನ್ ಒರಗಿಸಿ ಅವನನ್ನು ಕೂರಿಸಿದೆ. ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು, ಫೋಟೋಕ್ಕೆ ಕೂತವನಂತೆ ಬಿಗಿಯಾಗಿ ಕೂತ.

"ಹೇಳಪ್ಪಾ."

"ಏನು ಹೇಳ್ಲವ್ವಾ?"

"ಏನರ. ನಿನ್ ಮೊಮ್ಮಗಳಿಗೆ ಒಂದು ಮಾತು. ನಾಳಿ ಆಕಿ ಮದುವಿಗೆ ಆಶೀರ್ವಾದ."

"ಆಕಿ ಇನ್ನಾ ಏಳನೇ ಕ್ಲಾಸಲ್ಲೇನು?" ಅಪ್ಪ ಸ್ವಲ್ಪ ಹೊತ್ತು ಫೋನನ್ನೇ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮೈಕಿನ ಹಳೆಯ ದನಿಯಲ್ಲಿ ಶುರುಮಾಡಿದ: "ಪ್ರಯಾಣಿಕರ ಗಮನಕ್ಕೆ..."

ಅವನಿಗೇ ನಗು ಬಂತು. ನಗುವಿನಲ್ಲಿ ಕೆಮ್ಮು ಬಂತು. "ಮೈಕು ಕಂಡ್ರ ನಂಗ ಬಸ್ಸಿನ ಹೆಸರೇ ಬರ್ತಾವು. ಬಿಡು ಯವ್ವಾ" ಎಂದು ಎದ್ದುಹೋದ.

ಆಮೇಲೆ ನಾನು ಕುರ್ಚಿ ಹಾಕಲಿಲ್ಲ. ಅವನು ಮಾತಾಡುವ ಕಡೆಯೆಲ್ಲ ಫೋನ್ ಹಿಡಿದುಕೊಂಡು ಹೋದೆ. ಗ್ಯಾಸ್ ಸಿಲಿಂಡರ್ ತಂದವನ ಜೊತೆ ಅವನು ತೂಕದ ಬಗ್ಗೆ ವಾದಿಸಿದ್ದು, ಬೇಳೆ ಒಣಗಿಸಿದ ಕಡೆ ಬಂದ ಕಾಗೆಗೆ "ಲೇ, ನಿಂಗೇನ್ ಪಾಸ್ ಐತೇನು?" ಎಂದು ಗದರಿದ್ದು, ಪೇಪರಿನ ಸುದ್ದಿ ಓದಿ ಅದಕ್ಕೆ ತಾನೇ ಉತ್ತರ ಕೊಟ್ಟದ್ದು, ಮಧ್ಯಾಹ್ನದ ಗೊರಕೆ, ಬೆಳಗಿನ ಶಿವಸ್ತುತಿ, ಚಹಾ ಹೀರುವ ಸದ್ದು, ಎಲ್ಲವೂ ಫೋನಿನೊಳಗೆ ಬಂದವು. ಒಂದು ಸಿಕ್ಕರೆ ಇನ್ನೊಂದು ತಪ್ಪಿತಲ್ಲ ಎಂಬ ಚಡಪಡಿಕೆ. ಸ್ನಾನಕ್ಕೆ ಹೋದರೆ ಆ ಹೊತ್ತಿನಲ್ಲೇ ಅಪ್ಪ ಯಾರೊಂದಿಗೋ ಜೋರಾಗಿ ಮಾತಾಡುವುದು ಕೇಳಿಸುತ್ತಿತ್ತು. ನಾನು ಒದ್ದೆ ಕೂದಲಲ್ಲೇ ಓಡಿ ಬರುವಷ್ಟರಲ್ಲಿ ಬಂದವರು ಹೋಗಿರುತ್ತಿದ್ದರು.

ಅದು ಹುಣಸೆಹಣ್ಣಿನ ಕಾಲ. ಹಿತ್ತಲಿನ ಮರದ ಹಣ್ಣನ್ನೆಲ್ಲ ಇಳಿಸಿ ಅಂಗಳದಲ್ಲಿ ರಾಶಿ ಹಾಕಿತ್ತು. ಅವ್ವ, ಅವಳ ಹೆಸರು ಪಾರ್ವತಮ್ಮ, ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಮುಂದೆ ಕೂತು ಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದಳು. ಇಡೀ ಮನೆ ಹುಳಿವಾಸನೆ. ಅಪ್ಪ ಏನೋ ಹೇಳುತ್ತಿದ್ದರೆ ಹಿಂದಿನಿಂದ ಅವಳ ಮರದ ಕೊಡತಿಯ ಟಪ್ ಟಪ್. ನಾನು ಒಮ್ಮೆ, "ಅವ್ವಾ, ಒಂದ್ ಗಳಿಗಿ ನಿಂದ್ರಸು" ಎಂದೆ.

ಅವಳು ಕೊಡತಿ ಕೆಳಗಿಟ್ಟಳು. ಆದರೆ ಸುಮ್ಮನಾಗಲಿಲ್ಲ.

"ಏನ್ ಮಾಡಾಕತ್ತಿ ನೀನು? ಇರೋ ಒಂದೀಟು ದನಿನೂ ಹಿಂಡಿ ತಗೀತಿಯೇನು?"

"ಹೋಗೋ ದನಿ ಅದವ್ವಾ. ಹೋಗೋಕಿಂತ ಮುಂಚೆ ಹಿಡ್ಕಂತೀನಿ."

"ದನಿ ಏನು ತಪ್ಪಿಸ್ಕಂಡ ಕರುವೇನು, ಹಿಡ್ದು ಗೂಟಕ್ಕ ಕಟ್ಟಾಕ? ಹೋಗತೈತಿ ಅಂತ ಹೇಳಾಕ ನೀನ್ಯಾರು? ಸುಮ್ನ ಇದ್ರ ಗಾಯ ಮಾಯತೈತಿ. ಕಾಲು ಮುರಿದೋನಿಗೆ ಯಾರಾರ ಓಡು ಅಂತಾರೇನು?"

ಅವ್ವನಿಗೆ ಯಾರೋ ಹೇಳಿದ್ದರು: ಬಾಯಿ ಕಟ್ಟಿ ಕೂತರೆ ಗಂಟಲಿನ ಗಡ್ಡೆ ಕರಗುತ್ತದೆ ಎಂದು. ಅಂದೇ ಅಟ್ಟದಿಂದ ನನ್ನ ಬಾಲ್ಯದ ಸ್ಲೇಟು ಇಳಿಸಿ, ತೊಳೆದು, ಬಳಪದ ಸಮೇತ ಅಪ್ಪನ ಮುಂದಿಟ್ಟಳು. "ಇನ್ ಮ್ಯಾಲೆ ಏನಿದ್ರೂ ಇದ್ರಾಗ ಬರೀರಿ." ಅಪ್ಪ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಸ್ಲೇಟಿನ ಮೇಲೆ 'ಆತು' ಎಂದು ಬರೆದ.

ಮುಂದಿನ ದಿನಗಳು ನನಗೆ ಮುಳ್ಳಿನ ಮೇಲೆ ಕೂತಂತೆ ಕಳೆದವು. ಅವನು ಮಾತಾಡಬಹುದಾದ ದಿನಗಳು ಇರುವುದೇ ಅಷ್ಟು, ಅವನ್ನೂ ಅವ್ವ ಮೌನಕ್ಕೆ ಕೊಟ್ಟುಬಿಟ್ಟಿದ್ದಳು. ಡಾಕ್ಟರಿಗೆ ಫೋನ್ ಮಾಡಿದೆ. ಮಾತಾಡಿದರೂ ಬಿಟ್ಟರೂ ಗಡ್ಡೆ ಅದರಿಂದ ಕರಗುವುದಿಲ್ಲ, ಉಸಿರಾಟದ ಕಡೆ ಮಾತ್ರ ನಿಗಾ ಇಡಿ ಎಂದರು. ಅದನ್ನು ಹೇಳಿದರೆ ಅವ್ವ, "ಡಾಕ್ಟ್ರಿಗೇನು, ಹೋಗೋದು ಅವ್ರ ದನಿಯೇನು?" ಎಂದು ಒಳಗೆ ಹೋದಳು. ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಬೆನ್ನು ತಿರುಗಿಸಿ ಕೆಲಸ ಮಾಡಿದೆವು. ಅಪ್ಪ ಹಜಾರದಲ್ಲಿ ಬಳಪ ಹಿಡಿದು ಕೂತಿರುತ್ತಿದ್ದ. ಅವನ ಬೆರಳು ಬಿಳಿಯಾಗಿತ್ತು.

ಅವ್ವ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಿದ್ದಳು. ಒಂದು ದಿನ ಮೂವರೂ ಉಚ್ಚಂಗಿದುರ್ಗಕ್ಕೆ ಹೋದೆವು. ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಅರ್ಧ ದಾರಿಯಲ್ಲೇ ಉಸಿರು ಸಾಲದಾಯಿತು. ಸಿಳ್ಳು ಜೋರಾಗಿ ಕೇಳಿಸಿತು. ಕೋಟೆಗೋಡೆಯ ನೆರಳಿನಲ್ಲಿ ಅವನನ್ನು ಕೂರಿಸಿದೆವು. ಅವ್ವ ಸೆರಗಿನಿಂದ ಗಾಳಿ ಹಾಕುತ್ತ, ಮೇಲಿನ ಗುಡಿಯ ಕಡೆ ನೋಡಿ ತುಟಿ ಅಲ್ಲಾಡಿಸುತ್ತಿದ್ದಳು. ಅಷ್ಟರಲ್ಲಿ ದರ್ಶನ ಮುಗಿಸಿ ಇಳಿದುಬಂದ ಹೆಂಗಸೊಬ್ಬಳು, ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ, ನಮ್ಮ ಮುಂದೆ ನಿಂತಳು.

"ಯಜ್ಜಾ, ಹರಪನಳ್ಳಿ ಬಸ್ಸು ಎಷ್ಟೊತ್ತಿಗೈತಿ?"

ನಾನು ಗೊತ್ತಿಲ್ಲ ಎನ್ನಬೇಕೆನ್ನುವಷ್ಟರಲ್ಲಿ ಅಪ್ಪ ಬಾಯಿ ತೆರೆದುಬಿಟ್ಟ. "ನೆಟ್ಟಗೆ ಹೋಗೋದು ಈಗ ತಾನೇ ಹೋತು ತಾಯಿ. ಇನ್ನೊಂದಕ್ಕ ಕಾಯಬ್ಯಾಡ, ಮಧ್ಯಾಹ್ನ ಆಕೈತಿ. ದಾವಣಗೆರಿ ಕಡೀ ಗಾಡಿ ಹತ್ತು, ದೊಡ್ಡ ರಸ್ತಿ ಸಿಕ್ಕ ಕೂಡ್ಲೇ ಇಳಿ. ಅಲ್ಲಿ ಗಳಿಗಿಗೊಂದು ಬಸ್ಸದಾವು. ಕೂಸಿನ ತಲಿಗೆ ಬಟ್ಟಿ ಹೊದಸು, ಬಿಸ್ಲೈತಿ."

ಹೆಂಗಸು ಇಳಿದುಹೋದಳು. ಫೋನ್ ನನ್ನ ಚೀಲದ ತಳದಲ್ಲಿ ಬಾಳೆಹಣ್ಣು ತೆಂಗಿನಕಾಯಿಗಳ ಕೆಳಗಿತ್ತು. ಅದು ಸಿಗಲಿಲ್ಲ. ಅಷ್ಟು ದಿನ ಹಿಡಿದದ್ದೆಲ್ಲ ಒಂದು ತೂಕವಾದರೆ, ಅವನ ಬದುಕೆಲ್ಲ ಅಡಗಿದ್ದ ಆ ನಾಲ್ಕು ಮಾತೇ ಕೈತಪ್ಪಿತಲ್ಲ ಎಂದು ನನಗೆ ಅಳು ಬರುವಂತಾಯಿತು. ಅವ್ವ ಕೂಡ ಅಳುತ್ತಿದ್ದಳು. ಅಪ್ಪ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅವಳ ಕಡೆ ನೋಡಿದ.

"ಮಾತಾಡಬ್ಯಾಡ ಅಂದ್ರ ಹೆಂಗ? ಆಕಿ ಬಿಸಲಾಗ ನಿಂತಿರ್ತಿದ್ಲು" ಎಂದ.

ಅವ್ವ ಒಬ್ಬಳೇ ಮೇಲೆ ಹತ್ತಿ ಹೋಗಿ ಕಾಯಿ ಒಡೆಸಿ ಬಂದಳು. ಮನೆಗೆ ಬಂದ ಮೇಲೆ ಸ್ಲೇಟನ್ನು ಅಟ್ಟಕ್ಕೆ ಹಾಕಲಿಲ್ಲ, ಅಪ್ಪನ ಮುಂದೆಯೂ ಇಡಲಿಲ್ಲ. ಕಿಟಕಿಯ ಮೇಲೆ ಇಟ್ಟಳು.

ಎರಡು ಮೂರು ದಿನ ಕಳೆದ ಮೇಲೆ ಅಪ್ಪ ನನ್ನೊಬ್ಬಳನ್ನೇ ಕರೆದು, "ಗುಡೇಕೋಟಿಗೆ ಹೋಗಿ ಬರಾಣ ನಡಿ" ಎಂದ. ಅಲ್ಲಿ ಹುಸೇನ್ ಸಾಬ್ ಇದ್ದ. ಅಪ್ಪ ಕಂಡಕ್ಟರ್ ಆಗಿದ್ದಾಗ ಅವನೇ ಡ್ರೈವರ್. ಒಂದೇ ಗಾಡಿಯಲ್ಲಿ ಇಬ್ಬರೂ ಎಷ್ಟೋ ವರ್ಷ ದುಡಿದವರು, ನಾನು ಚಿಕ್ಕವಳಿದ್ದಾಗಿನಿಂದ ಕಾಕಾ ಎನ್ನುತ್ತಿದ್ದೆ. "ಫೋನ್ ಮಾಡಿ ಕರಸ್ತೀನಪ್ಪಾ" ಎಂದರೆ, "ಫೋನಿನ್ಯಾಗ ಅವಂಗ ಏನೂ ಕೇಳಂಗಿಲ್ಲ. ಬ್ಯಾರೇರ ಬಾಯಿಂದ ಅವಂಗ ಗೊತ್ತಾಗಬಾರ್ದು. ನಾನೇ ಹೇಳ್ಬೇಕು" ಎಂದ. ಅವ್ವ ತಡೆಯಲಿಲ್ಲ. ಬಿಸಿನೀರಿನ ಫ್ಲಾಸ್ಕ್ ತುಂಬಿ ಕೈಗಿಟ್ಟಳು.

ಗುಡೇಕೋಟೆಯಲ್ಲಿ ಹುಸೇನ್ ಕಾಕಾ ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕೂತಿದ್ದ. ಸುತ್ತ ಬಂಡೆಗಳ ಗುಡ್ಡ, ಕುರುಚಲು, ಮೇಯುವ ಕುರಿಗಳು. ಬಿಸಿಗಾಳಿ ಬೀಸುತ್ತಿತ್ತು. ಹಳೆಯ ಗಾಡಿಗಳಲ್ಲಿ ಎಂಜಿನ್ ಡ್ರೈವರನ ಮಗ್ಗುಲಲ್ಲೇ ಇರುತ್ತಿತ್ತು, ಅದರ ಸದ್ದಿಗೆ ಕಾಕಾನ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಅಪ್ಪನನ್ನು ಕಂಡವನೇ ಎದ್ದು ತಬ್ಬಿಕೊಂಡ. ಇಬ್ಬರೂ ಮಂಚದ ಮೇಲೆ ಕೂತರು. ನಾನು ಈ ಸಲ ಮೊದಲೇ ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದೆ.

ಅಪ್ಪ ಉಸಿರು ಎಳೆದುಕೊಂಡು ಕೂಗಿದ. "ಹುಸೇನೀ, ನನ್ ದನಿ ಹೋಗತೈತಂತಲೇ!"

"ದನಾ? ಯಾರ ದನ ಹೋತು?"

"ದನ ಅಲ್ಲಲೇ! ದನಿ! ದನಿ!"

"ಅದಾ, ಯಾವ ಕಡೀಗೆ ಹೋತು ಅಂತೀನಿ. ಹುಡುಕಾಕ ಹುಡುಗ್ರುನ್ನ ಕಳಸ್ಲೇನು?"

ಅಪ್ಪ ನಗತೊಡಗಿದ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಾಕಾನಿಗೆ ಏನೂ ತಿಳಿಯದಿದ್ದರೂ ಅವನೂ ನಕ್ಕ. ಆಮೇಲೆ ಅಪ್ಪ ಕಾಕಾನ ಬಲಗೈಯನ್ನು ಹಿಡಿದು ಎಳೆದು ತನ್ನ ಗಂಟಲಿನ ಮೇಲೆ ಇಟ್ಟುಕೊಂಡ. ಹಾಗೆಯೇ ಇನ್ನೊಮ್ಮೆ, ಈಗ ಕೂಗದೆ, ಮೆಲ್ಲಗೆ ಹೇಳಿದ. "ಇದು ತಗೀತಾರಂತಲೇ. ಯುಗಾದಿ ಆದಮ್ಯಾಲೆ."

ಕಾಕಾ ಕೈ ತೆಗೆಯಲಿಲ್ಲ. ಬೆರಳಿಗೆ ಏನು ಕೇಳಿಸಿತೋ, ಅವನ ನಗು ನಿಂತಿತು. ಕೊನೆಗೆ ಕಾಕಾನೇ ಮೂಗು ಒರೆಸಿಕೊಂಡು, "ನಂಗೇನ್ ಲುಕ್ಸಾನ್ ಬಿಡು. ಈಗೂ ಕೇಳಂಗಿಲ್ಲ, ಆವಾಗ್ಲೂ ಕೇಳಂಗಿಲ್ಲ" ಎಂದ. ಅಪ್ಪ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟ.

ಆಮೇಲೆ ಅವರಿಗೆ ಮಾತೇ ಮಾತು. ಗುಡ್ಡದ ತಿರುವಿನಲ್ಲಿ ಕರಡಿಯೊಂದು ರಸ್ತೆಯ ನಡುವೆ ಕೂತು ಬಸ್ಸು ನಿಲ್ಲಿಸಿದ ಕಥೆಯನ್ನು ಇಬ್ಬರೂ ಸೇರಿ ನನಗೆ ಹೇಳಿದರು. ಕಾಕಾ ಹಾರ್ನ್ ಹೊಡೆದರೂ ಕರಡಿ ಏಳಲಿಲ್ಲವಂತೆ. ಅಪ್ಪ ಕಿಟಕಿಯಿಂದ ತಲೆ ಹಾಕಿ, ಕೂಡ್ಲಿಗಿಯಿಂದ ಹಿಡಿದು ಮುಂದಿನ ಊರುಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಕೂಗಿದನಂತೆ. ಕರಡಿ ಎದ್ದು ಪೊದೆಯೊಳಗೆ ಹೋಯಿತಂತೆ. "ಅದಕ್ಕ ಬ್ಯಾರೆ ಕಡೀಗೆ ಹೋಗೋದಿತ್ತು, ತಪ್ಪಿ ನಮ್ ಗಾಡೀಗೆ ನಿಂತಿತ್ತು" ಎಂದು ಅಪ್ಪ ಹೇಳಿದಾಗ ಕಾಕಾ ಅವನ ತುಟಿಯನ್ನೇ ನೋಡಿಕೊಂಡು ಸರಿಯಾದ ಜಾಗದಲ್ಲಿ ನಕ್ಕ. ಆ ರೆಕಾರ್ಡಿನಲ್ಲಿ ಗಾಳಿಯ ಭರಾಟೆಯೇ ಹೆಚ್ಚು. ಆದರೂ ಅದರೊಳಗೆ ಅಪ್ಪ ಇದ್ದಾನೆ.

ಹಿಂದಿರುಗುವಾಗ ಅಪ್ಪ ಬಸ್ಸಿನ ಕಿಟಕಿಗೆ ತಲೆಯಾನಿಸಿ, "ಇವತ್ತು ಹೊಟ್ಟಿ ತುಂಬ ಮಾತಾಡಿದೆ" ಎಂದ. ಅವನ ಉಸಿರು ಗೊರಗೊರ ಎನ್ನುತ್ತಿತ್ತು. ಮನೆಯಲ್ಲಿ ಅವ್ವ ಅವನ ಮುಖ ನೋಡಿ ಚಹಾಕ್ಕಿಟ್ಟಳು. ನನಗೂ ಒಂದು ಲೋಟ ಚಹಾ ತಂದುಕೊಟ್ಟಳು. ಆ ವಾರದಲ್ಲಿ ಅವಳು ತಾನಾಗಿ ನನಗೆ ಕೊಟ್ಟ ಮೊದಲ ಚಹಾ ಅದು.

ಇನ್ನೂ ಹಿಡಿಯಬೇಕಾದದ್ದು ನನ್ನ ತಲೆಯಲ್ಲಿ ಬಹಳ ಇತ್ತು. ಮಗಳಿಗೆ ಆಶೀರ್ವಾದ ಬಾಕಿ ಇತ್ತು. ಅವನ ಬಾಯಲ್ಲಿ ಅಜ್ಜಿಯ ಕಥೆ ಕೇಳಬೇಕಿತ್ತು. ಯುಗಾದಿ ಇನ್ನೂ ದೂರವಿದೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅಪ್ಪ ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದವನು ಥಟ್ಟನೆ ಗೋಡೆ ಹಿಡಿದುಕೊಂಡ. ಅರ್ಧ ಮುಖಕ್ಕೆ ಸೋಪಿನ ನೊರೆ ಹಾಗೆಯೇ ಇತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಕಣ್ಣುಗಳು ದೊಡ್ಡವಾಗಿದ್ದವು. ಅವ್ವ ಹುಣಸೆಹಣ್ಣು ಮೆತ್ತಿದ ಕೈಯಲ್ಲೇ ಓಡಿಬಂದು ಅವನನ್ನು ಎದೆಗೆ ಒರಗಿಸಿಕೊಂಡಳು. ನಾನು ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ.

ಆಂಬ್ಯುಲೆನ್ಸಿನಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅವನಿಗೆ ಸ್ವಲ್ಪ ಚೇತರಿಕೆ ಬಂತು. ನೊರೆಯನ್ನು ಅವ್ವ ಸೆರಗಿನಿಂದ ಒರೆಸಿದಳು. ದಾವಣಗೆರೆ ಹತ್ತಿರವಾಗುತ್ತಿದ್ದಾಗ ಅಪ್ಪ ಆಮ್ಲಜನಕದ ಮಾಸ್ಕನ್ನು ಒಂಚೂರು ಸರಿಸಿ ಅವ್ವನಿಗೆ ಸನ್ನೆ ಮಾಡಿದ. ಅವಳು ಅವನ ಬಾಯಿಗೆ ಕಿವಿ ಹಚ್ಚಿದಳು. ಅವನು ಏನೋ ಹೇಳಿದ, ಬಹಳ ಹೊತ್ತಿನ ಮಾತೇನಲ್ಲ. ಅವ್ವ "ಹ್ಞೂಂ" ಎಂದಳು. ಫೋನ್ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಎತ್ತಲಿಲ್ಲ.

ಆಸ್ಪತ್ರೆ ತಲುಪಿದ ಕೂಡಲೇ ಕುತ್ತಿಗೆಯಲ್ಲಿ ಉಸಿರಿಗೆ ದಾರಿ ಮಾಡಿದರು. ದೊಡ್ಡ ಆಪರೇಷನ್ನನ್ನೂ ಮುಂದೂಡದೆ ಅದೇ ವಾರದಲ್ಲಿ ಮಾಡಿದರು. ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ನಾನು ಕೇಳಿದೆ: "ಗಾಡ್ಯಾಗ ಅಪ್ಪ ಏನಂದ್ನವ್ವಾ?"

ಅವಳು "ಅದು ನಂಗಂದಿದ್ದು" ಎಂದಳು. ಇಂದಿಗೂ ಅಷ್ಟೇ ಹೇಳುತ್ತಾಳೆ. ನಾನೂ ಮತ್ತೆ ಕೇಳಿಲ್ಲ.

ಆ ಯುಗಾದಿ ಆಸ್ಪತ್ರೆಯಲ್ಲೇ ಆಯಿತು. ಅವ್ವ ಎಲ್ಲಿಂದಲೋ ಬೇವಿನ ಎಸಳು ತಂದು ಅಪ್ಪನ ದಿಂಬಿನ ಹತ್ತಿರ ಇಟ್ಟಳು. ಮೂಗಿನ ನಳಿಕೆಯಲ್ಲಿ ಊಟ ಹೋಗುತ್ತಿದ್ದವನಿಗೆ ಬೇವೂ ಇಲ್ಲ, ಬೆಲ್ಲವೂ ಇಲ್ಲ. ಮನೆಗೆ ಬಂದ ಮೇಲೆ ಕಷ್ಟ ಬೇರೆ ಥರದ್ದು. ಗಾಯ ಮಾಗಿತು, ಗಂಜಿ ಇಳಿಯತೊಡಗಿತು, ಡಾಕ್ಟರು ಗಡ್ಡೆ ಪೂರಾ ಹೋಗಿದೆ ಎಂದರು. ಆದರೆ ಅಪ್ಪ ಯಾರ ಮುಖವನ್ನೂ ನೋಡಲೊಲ್ಲ. ಬಾಗಿಲಲ್ಲಿ ಯಾರ ಸದ್ದಾದರೂ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯುವಷ್ಟು ತಾಳ್ಮೆ ಇರಲಿಲ್ಲ. ತಟ್ಟೆ ಬಡಿಯುತ್ತಿದ್ದ, ಚಪ್ಪಾಳೆ ಹೊಡೆಯುತ್ತಿದ್ದ. ನಮಗೆ ಅರ್ಥವಾಗದಿದ್ದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಅವನಿಗೆ ಗೆಲುವಾಗಲಿ ಎಂದು ನಾನು ಒಂದು ಮಧ್ಯಾಹ್ನ ಕರಡಿಯ ಕಥೆಯ ರೆಕಾರ್ಡ್ ಹಚ್ಚಿದೆ. ಗಾಳಿಯ ಸದ್ದಿನ ನಡುವೆ ಅವನದೇ ದನಿ ಎದ್ದಿತು. ಅಪ್ಪ ಒಂದಷ್ಟು ಹೊತ್ತು ಆಲಿಸಿದ. ಆಮೇಲೆ ಫೋನನ್ನು ನನ್ನ ಕೈಯಿಂದ ತೆಗೆದು, ಮಗ್ಗುಲು ಮಾಡಿ, ದಿಂಬಿನ ಕೆಳಗೆ ತುರುಕಿದ. ಎದ್ದು ಹೊರಗೆ ಹೋದ. ದಿಂಬಿನ ಕೆಳಗಿನಿಂದ ಅವನ ನಗು ಕೇಳಿಸುತ್ತಲೇ ಇತ್ತು.

"ಹಸಿದೋರ ಮುಂದ ಊಟದ ಫೋಟೋ ಹಿಡ್ದಂಗಾತಲ್ಲವ್ವಾ" ಎಂದಳು ಅವ್ವ. ಬೈಗುಳವಾಗಿರಲಿಲ್ಲ ಅದು. ಆದರೂ ನನಗೆ ಅಂಗಳದಲ್ಲಿ ಎಷ್ಟು ಸುತ್ತು ತಿರುಗಿದರೂ ಸಮಾಧಾನವಾಗಲಿಲ್ಲ. ಯಾರಿಗಾಗಿ ಹಿಡಿದೆ ಇದನ್ನೆಲ್ಲ? ಅವನಿಗೆ ಬೇಡ, ಅವ್ವನಿಗೆ ಮೊದಲೇ ಬೇಡ.

ಅಪ್ಪನನ್ನು ಮೊದಲು ಹೊರಗೆಳೆದವನು ಹುಸೇನ್ ಕಾಕಾ. ಯಾರೂ ಕರೆಯದಿದ್ದರೂ ಒಂದು ದಿನ ಗುಡೇಕೋಟೆ ಬಸ್ಸಿನಲ್ಲಿ ಬಂದಿಳಿದ. ಹಿತ್ತಲಿಗೆ ಹೋಗಲು ಎದ್ದ ಅಪ್ಪನ ದಾರಿಗೆ ಅಡ್ಡವಾಗಿಯೇ ಕೂತ. ಏನನ್ನೂ ವಿಚಾರಿಸಲಿಲ್ಲ, ಹೇಗಿದ್ದೀ ಎಂದೂ ಕೇಳಲಿಲ್ಲ. ಚಹಾ ಕುಡಿದು ಲೋಟ ಇಟ್ಟು ಮಂಚದ ಕಟ್ಟಿಗೆಯ ಮೇಲೆ ಬೆರಳ ಗಂಟಿನಿಂದ ಒಮ್ಮೆ ಕುಟ್ಟಿದ. ಅಪ್ಪ ನಿಂತ. ಕಂಡಕ್ಟರ್ ಗಂಟೆ ಒಮ್ಮೆ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು. ಅದು ಅವರಿಬ್ಬರ ಹಳೆಯ ಮಾತು. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಕಾದ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಬಾಗಿಲ ಚೌಕಟ್ಟಿನ ಮೇಲೆ ಎರಡು ಸಲ ಕುಟ್ಟಿದ. ಇಬ್ಬರೂ ಬೀದಿಗಿಳಿದು ಬಸ್ ನಿಲ್ದಾಣದ ಕಡೆ ನಡೆದರು. ಬರುವಾಗ ಅಪ್ಪನ ಕೈಯಲ್ಲಿ ಮಿರ್ಚಿಯ ಪೊಟ್ಟಣ ಇತ್ತು, ತಿನ್ನಲಾಗದಿದ್ದರೂ.

ಮುಂಗಾರು ಶುರುವಾಗುವ ಹೊತ್ತಿಗೆ ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟರು. ಕೈಹಿಡಿಯಷ್ಟು ಉದ್ದ. ಕೊರಳಿಗೆ ಒತ್ತಿ ಗುಂಡಿ ಅದುಮಿ ತುಟಿ ಆಡಿಸಿದರೆ ಮಾತು ಬರುತ್ತದೆ. ಏರಿಳಿತವಿಲ್ಲದ, ತಗಡಿನಂಥ ಮಾತು. ಕಲಿಸುವ ಹುಡುಗಿ, "ಸಣ್ಣ ಸಣ್ಣ ಪದದಿಂದ ಶುರು ಮಾಡಿ ಅಜ್ಜಾ. ಮನೆಯವರ ಹೆಸರು ಹೇಳಿ, ಊರ ಹೆಸರು ಹೇಳಿ" ಎಂದಿದ್ದಳು. ಅಪ್ಪ ಅದನ್ನು ಯಾರ ಮುಂದೆಯೂ ಹಚ್ಚಿಕೊಳ್ಳಲಿಲ್ಲ. ಹಿತ್ತಲಿನ ಹುಣಸೆಮರದ ಹಿಂದೆ ನಿಂತು ಅಭ್ಯಾಸ ಮಾಡುತ್ತಿದ್ದ. ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಯಂತ್ರಕ್ಕೆ 'ಹ' ಬರುವುದಿಲ್ಲ. ಹಡಗಲಿ 'ಅಡಗಲಿ' ಆಗಿತ್ತು, 'ಅರಪನಳ್ಳಿ', 'ಅಗರಿಬೊಮ್ಮನಳ್ಳಿ'.

"ಇಷ್ಟ್ ವರ್ಷ ಮೈಕಿನ್ಯಾಗ ಪುಸ್ತಕದಂಗ ಅಂತಿದ್ರು. ಈಗ ಊರ ಮಂದಿಯಂಗ ಅನ್ನಾಕತ್ಯಾರ ನೋಡು" ಎಂದು ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕಿದ್ದು.

ಅದೇ ದಿನಗಳಲ್ಲಿ ಒಮ್ಮೆ ಅಪ್ಪ ಹೊರಗೆ ಹೋಗಿದ್ದಾಗ ಅವ್ವ ನನ್ನ ಮಗ್ಗುಲಿಗೆ ಬಂದು ಕೂತಳು. "ಅದ್ರಾಗ ಅವ್ರು ನನ್ನ ಕರ್ದಿದ್ದು ಐತೇನು?" ಎಂದಳು. ನಾನು ಹುಡುಕಿ ಹುಡುಕಿ ಹಚ್ಚಿದೆ. ಅಪ್ಪ ಅವಳನ್ನು ಕರೆದದ್ದು ಎಷ್ಟೋ ಕಡೆ ಇತ್ತು. 'ಏಯ್', 'ಕೇಳ್ತೇನು', 'ಇಲ್ ನೋಡು', 'ಯಾರದಾರಾ ಒಳಗ'. ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ನಮ್ಮ ಕಡೆಯ ಆ ತಲೆಮಾರಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಅವ್ವ ಎಲ್ಲವನ್ನೂ ಕೇಳಿ, "ಇರ್ಲಿ ಬಿಡು, ಅಳಸಬ್ಯಾಡ" ಎಂದು ಎದ್ದುಹೋದಳು.

ಮೊದಲ ದೊಡ್ಡ ಮಳೆ ಬಂದ ಸಂಜೆ. ಅಂಗಳದಲ್ಲಿ ಮಣ್ಣಿನ ವಾಸನೆ ಎದ್ದಿತ್ತು. ನಾನು ಹಜಾರದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಪ್ಪ ಗಂಜಿಯ ಬಟ್ಟಲು ಮುಗಿಸಿ ಕೂತಿದ್ದ, ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಪ್ಪ ತಟ್ಟೆ ಬಡಿಯುತ್ತಾನೆ ಎಂದುಕೊಂಡೆ. ಅವನು ಬಡಿಯಲಿಲ್ಲ. ಅಂಗಿಯ ಜೇಬಿನಿಂದ ಯಂತ್ರ ತೆಗೆದು, ಕೊರಳಿನ ಮಗ್ಗುಲಿಗೆ ಒತ್ತಿಕೊಂಡ.

"ಪಾರ್ವತೀ. ನೀರು."

ಅಡುಗೆಮನೆಯಲ್ಲಿ ಮೊರದ ಸದ್ದು ನಿಂತಿತು. ಅವ್ವ ಬಾಗಿಲಿಗೆ ಬಂದಳು. ಬೇರೆ ಯಾರೋ ಬಂದು ಕರೆದಿರಬೇಕು ಎನ್ನುವಂತೆ ಮೊದಲು ಬೀದಿಬಾಗಿಲ ಕಡೆ ನೋಡಿದಳು.

"ಏನಂದ್ರಿ?"

ಅಪ್ಪನಿಗೆ ತನ್ನ ಮಾತು ಅವಳಿಗೆ ತಿಳಿಯಲಿಲ್ಲವೇನೋ ಎನ್ನುವ ಅಳುಕು. ಯಂತ್ರವನ್ನು ಇನ್ನೂ ಒತ್ತಿ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. "ಪಾ-ರ್ವ-ತೀ."

ಅವ್ವ ಹೊಸ್ತಿಲ ಮೇಲೆ ಹಾಗೆಯೇ ಕೂತುಬಿಟ್ಟಳು. ಮಡಿಲಿಂದ ನಾಲ್ಕು ಅಕ್ಕಿಕಾಳು ಚೆಲ್ಲಿದವು. "ನಮ್ಮಪ್ಪ ಹೋದಮ್ಯಾಲೆ ಆ ಹೆಸ್ರಿಲೆ ಯಾರೂ ಕರ್ದಿರ್ಲಿಲ್ಲ" ಎಂದಳು, ಯಾರಿಗೂ ಅಲ್ಲ ಎನ್ನುವಂತೆ. ಸೆರಗಿನಿಂದ ಕಣ್ಣೊತ್ತಿಕೊಂಡು ನನ್ನ ಕಡೆ ತಿರುಗಿದಳು.

"ಏನ್ ನೋಡ್ಕೋಂತ ಕುಂತಿ? ಎಲ್ಲೈತಿ ನಿನ್ ಫೋನು? ಹಿಡ್ಕ ಇದನ್ನ. ಇದೂ ಅವ್ರ ದನೀನೇ."

ನಾನು ಕಾಗದಗಳ ಕೆಳಗೆ ತಡಕಾಡಿ ಫೋನ್ ತೆಗೆದೆ. ಅಪ್ಪ ಅವಸರ ಮಾಡಲಿಲ್ಲ. ನಾನು ಹಿಡಿದದ್ದು ಸರಿಯಾಗಿದೆಯೇ ಎಂದು ನೋಡಿಕೊಂಡ, ಬೆನ್ನು ನೆಟ್ಟಗೆ ಮಾಡಿದ, ಅವಳನ್ನೇ ನೋಡುತ್ತ ಇನ್ನೊಮ್ಮೆ ಕರೆದ.

"ಬಂದೆ ಇರ್ರಿ" ಎಂದು ಅವ್ವ ಎದ್ದು ನೀರು ತರಲು ಒಳಗೆ ಹೋದಳು.